ತಿಮಿಂಗಿಲ ನನ್ನನ್ನು ನೋಡಿದ ದಿನ

ಅಕ್ಟೋಬರ್ ೧೪, ಭಾನುವಾರ

ನನ್ನ ಮುದ್ದು ಮಗಳೇ,

ನಿನ್ನೆಯೆಲ್ಲ ಫೋನ್ ಎತ್ತಲಿಲ್ಲವೆಂದು ಸಿಟ್ಟಾಗಿರುತ್ತೀ. ಮನೆಯಲ್ಲಿರಲಿಲ್ಲ ಕಣೇ, ಕಡಲಿನ ಮೇಲಿದ್ದೆ! ಬಕೆಟ್ಟಿನ ನೀರಿಗೂ ಹೆದರುವವಳು ಎಂದು ನೀನು ಆಡಿಕೊಳ್ಳುವ ನಿನ್ನ ಅಮ್ಮ ದೋಣಿ ಹತ್ತಿ, ರಸ್ತೆಯೇ ಇಲ್ಲದ ಒಂದು ಊರಿಗೆ ಹೋಗಿ ಸಂಜೆಗೆ ವಾಪಸು ಬಂದಳು. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಹೊಲಿಗೆ ಅಂಗಡಿಗೆ ಬೀಗ ಜಡಿದು ಹೊರಟೆ. ನಿನ್ನ ಅಪ್ಪ ಹೋದ ಮೇಲೆ ಊರಾಚೆ ಕಾಲಿಟ್ಟಿದ್ದು ಇದೇ ಮೊದಲು. ಜೊತೆಗೆ ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವರಿದ್ದರು. ಅವರ ಸುದ್ದಿ ಎತ್ತಿದರೆ ನಿನ್ನ ಮೂಗು ಕೆಂಪಾಗುತ್ತದೆ, ಗೊತ್ತು. ಆದರೂ ಓದು.

ಅರ್ಧ ದಾರಿ ನಾನು ದೋಣಿಯ ಅಂಚು ಹಿಡಿದು ಕಣ್ಣು ಮುಚ್ಚಿ ಕುಳಿತಿದ್ದೆ. "ಕಣ್ ಬಿಡ್ರೀ, ನೋಡೋಕಲ್ವಾ ಬಂದಿರೋದು?" ಎಂದು ಅವರು ನಕ್ಕರು. ಬಿಟ್ಟೆ. ಬಂಡೆಗಳ ಮೇಲೆ ನೀರುನಾಯಿಗಳು, ಊಟ ಮುಗಿಸಿದ ಬೀಗರ ಹಾಗೆ ಹೊಟ್ಟೆ ಮೇಲೆ ಮಾಡಿ ಮಲಗಿದ್ದವು. ಬಿಳಿ ಹಕ್ಕಿಗಳು ಒಟ್ಟಿಗೆ ಎದ್ದಾಗ ಆಕಾಶವನ್ನೇ ಯಾರೋ ಕೊಡವಿದಂತಾಯಿತು.

ಊರು ಕಣ್ಣಿಗೆ ಬೀಳುವಷ್ಟರಲ್ಲಿ ದೋಣಿ ನಡೆಸುವಾಕೆ ಎಂಜಿನ್ ನಿಲ್ಲಿಸಿ, "ಯಾರೂ ಮಾತಾಡ್ಬೇಡಿ, ಕೆಳಗಿದ್ದಾಳೆ" ಎಂದಳು. ನೀರು ಕಪ್ಪಾಯಿತು. ನಮ್ಮ ದೋಣಿಗಿಂತ ಉದ್ದದ ತಿಮಿಂಗಿಲವೊಂದು ನಿಧಾನವಾಗಿ ಮೇಲೆದ್ದಿತು, ಪಕ್ಕದಲ್ಲಿ ಮರಿ. ಅದು ಉಸಿರು ಬಿಟ್ಟಾಗ ತುಂತುರು ನನ್ನ ಮುಖಕ್ಕೆ ರಾಚಿತು, ಮೀನಿನ ವಾಸನೆ ಬೇರೆ. ಮರಿ ಆಡುತ್ತ ಬಂದು ದೋಣಿಗೆ ಮೈ ಉಜ್ಜಿತು. ದೋಣಿ ವಾಲಿತು. ಜೀವ ಬಾಯಿಗೆ ಬಂತು ನೋಡು! ತಾಯಿ ನಡುವೆ ನುಸುಳಿ, ಮರಿಯನ್ನು ಮೆಲ್ಲಗೆ ಆಚೆ ತಳ್ಳಿತು. ಮುಳುಗುವ ಮೊದಲು ಅದರ ಒಂದು ಕಣ್ಣು ನೀರಿನಿಂದ ಮೇಲೆ ಬಂದು ನನ್ನನ್ನು ನೋಡಿತು. ಆಣೆ ಮಾಡಿ ಹೇಳುತ್ತೇನೆ, ನನ್ನನ್ನೇ. ಆ ಕಣ್ಣಿನಲ್ಲಿ ಅವಸರವೆಂಬುದೇ ಇರಲಿಲ್ಲ. ಇಂಥದ್ದೊಂದು ಜೀವ ಕೆಳಗೆ ಹಾಯಾಗಿ ಬದುಕಿರುವಾಗ, ನಾನು ಜನ ಏನೆಂದಾರೆಂದು ಇಷ್ಟು ವರ್ಷ ಮೈ ಮುದುಡಿಕೊಂಡು ಬದುಕಿದೆನಲ್ಲ ಎನಿಸಿ ಅಳು ಬಂತು. ಪಕ್ಕಕ್ಕೆ ತಿರುಗಿದರೆ ಗಡಿಯಾರದವರ ಕೆನ್ನೆಯೂ ಒದ್ದೆ. "ಉಪ್ಪುನೀರು" ಎಂದರು. ನಾನು ನಂಬಲಿಲ್ಲ.

ಊರಿನ ಕಲ್ಲುಮೆಟ್ಟಿಲ ಮೇಲೆ ಅಜ್ಜಿಯೊಬ್ಬರು ಹರಿದ ಬಲೆ ಹೆಣೆಯುತ್ತಿದ್ದರು. ನಾನೂ ಕುಳಿತು ಕೈಹಚ್ಚಿದೆ. ಅವರು ಗಡಿಯಾರದವರ ಕಡೆ ಗದ್ದ ತೋರಿಸಿ, "ನಿಮ್ ಯಜಮಾನ್ರಾ?" ಎಂದು ಕೇಳಿದರು. ನಾನೇನೆಂದೆ ಎಂದು ಬರೆಯಲು ನಾಚಿಕೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಇನ್ನೂ ಮೈಯೆಲ್ಲ ಉಪ್ಪುಪ್ಪಾಗಿರುವ
ನಿನ್ನ ಅಮ್ಮ

ತಾ.ಕ.: ನಾಚಿಕೊಂಡು ಏನಾಗಬೇಕು, ಬರೆದೇಬಿಡುತ್ತೇನೆ. "ಇನ್ನೂ ಇಲ್ಲ, ಆಗ್ತಾರೆ" ಎಂದೆ. ಗಡಿಯಾರದವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು! ಸಂಜೆ ವಾಪಸು ದಡ ಸೇರಿದ ಮೇಲೆ ಮೆಲ್ಲಗೆ, "ಯಾವಾಗ?" ಎಂದರು. ಮಗಳನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ. ನಿನಗೆ ರಜೆ ಯಾವಾಗ ಸಿಗುತ್ತದೆ ತಿಳಿಸು. ನಾನು ಕೇಳುತ್ತಿರುವುದು ಅಷ್ಟೇ, ಅಪ್ಪಣೆಯಲ್ಲ.