ಮೈಕಿನಲ್ಲಿ ಕಸಿದ ಅರಿಶಿನ

ಜಿಲ್ಲೆಯ ಆರೋಗ್ಯ ಇಲಾಖೆಯ ಯಜಮಾನಿಕೆ ಹೊತ್ತ ಮಾನ್ಯರೇ,

ಗಂಡ ಬದುಕಿರುವಾಗಲೇ ನನ್ನ ಹೆಂಡತಿ ಸೋಮಮ್ಮನನ್ನು ಅರಿಶಿನ ಕುಂಕುಮಕ್ಕೆ ಎರವಾಗಿಸಿದ ಕೀರ್ತಿ ತಮ್ಮವರಿಗೆ ಸಲ್ಲುತ್ತದೆ. ಆಕೆಯ ಲಿವರಿಗೆ ಹೆಪಟೈಟಿಸ್ ಬಿ ಸೋಂಕು ಅಂಟಿ ವರ್ಷಗಳಾಗಿವೆ. ಅದು ರಕ್ತದಿಂದ ಹರಡುತ್ತದೆಯೇ ಹೊರತು ಒಟ್ಟಿಗೆ ಉಂಡರಲ್ಲ, ಮುಟ್ಟಿದರಲ್ಲ. ಹೈಸ್ಕೂಲು ಮೇಷ್ಟರಾದ ನನಗೆ ಗೊತ್ತಿರುವುದು ತಮ್ಮ ಸಿಬ್ಬಂದಿಗೆ ಗೊತ್ತಿರಲಿಲ್ಲವೇ? ತೆರಕಣಾಂಬಿಯ ಶಿಬಿರದಲ್ಲಿ ಮೈಕು ಹಿಡಿದು ಅವಳ ಹೆಸರು ಕೂಗಿ, "ಇವರದು ಕಾಮಾಲೆ, ತಟ್ಟೆ ಲೋಟ ಬೇರೆ ಇಡಿ" ಎಂದರು. ಥೂ! ಸಂತೆಯಲ್ಲಿ ಎಮ್ಮೆ ಮಾರುವವನಿಗೂ ಇದಕ್ಕಿಂತ ಮರ್ಯಾದೆ ಇರುತ್ತದೆ.

ಅರಿಶಿನ ಬೆಳೆದು ಬೇಯಿಸುವ ಊರು ನಮ್ಮದು. ಕಾಮಾಲೆಯವಳು ಕೊಟ್ಟ ಅರಿಶಿನದಲ್ಲಿ ಕಾಮಾಲೆಯೂ ಬರುತ್ತದೆಂದು ಊರು ತೀರ್ಮಾನಿಸಿತು. ಪಕ್ಕದ ಮನೆಯ ಚಿಕ್ಕನಿಂಗಮ್ಮ, "ಬೇಜಾರ್ ಮಾಡ್ಕಬ್ಯಾಡ ಕಣಕ್ಕ, ಮಕ್ಕಳೊಂದಿಗಳು ನಾನು" ಎಂದು ಅರಿಶಿನ ಕುಂಕುಮ ಕೊಡಲು ಹೋದವಳನ್ನು ಬಾಗಿಲಲ್ಲೇ ನಿಲ್ಲಿಸಿದಳು. ಊರು ನಂಬಿದ್ದನ್ನು ಸೋಮಮ್ಮನೂ ನಂಬಿದಳು. ತಟ್ಟೆ ಹಿಡಿದು ಹಿತ್ತಿಲಿಗೆ ಹೋಗಿ ಕೂತಳು.

ಗುಂಡ್ಲುಪೇಟೆಯ ಆಸ್ಪತ್ರೆಗೆ ತಮ್ಮ ಇಲಾಖೆಯ ಶಿವರಂಜಿನಿ ಎಂಬ ಆಪ್ತ ಸಲಹೆಗಾರ್ತಿ ಬರುತ್ತಿದ್ದರು. "ನೀವು ಮುಟ್ಟಿದರೆ ಏನಾಗುತ್ತೆ ಅಂತ ಮನಸ್ಸು ಹೇಳುತ್ತೆ? ಬಾಯಿಬಿಟ್ಟು ಹೇಳಿ, ಆಮೇಲೆ ಮಾಡಿ ನೋಡೋಣ" ಎನ್ನುತ್ತಿದ್ದರು. ನಮ್ಮ ಮನೆಗೂ ಬಂದು ಸೋಮಮ್ಮ ಕೊಟ್ಟ ಮಜ್ಜಿಗೆ ಕುಡಿದರು. ನನಗೆ ಬಡಿಸಲು ಹೇಳಿದರು. ಯಾರಿಗೂ ಏನೂ ಆಗಲಿಲ್ಲ. ಹೀಗೆ ಒಂದೊಂದೇ ಭಯವನ್ನು ಮಾಡಿ ನೋಡುತ್ತಾ ಅವಳು ಅಡುಗೆಮನೆಗೆ ಮರಳಿದ್ದಳು; ಅರಿಶಿನ ಮುಟ್ಟುವ ಭಯವೊಂದು ಉಳಿದಿತ್ತು. ಅಷ್ಟರಲ್ಲಿ ತಾವು ಶಿವರಂಜಿನಿಯವರನ್ನು ಶಿಬಿರಗಳಲ್ಲಿ ಕುರ್ಚಿ ಜೋಡಿಸಲು ಕಳಿಸಿಬಿಟ್ಟಿರಿ!

ಅವರನ್ನು ಮರಳಿ ಕಳಿಸಿರೆಂದು ಚಾಮರಾಜನಗರದ ತಮ್ಮ ಕಚೇರಿಯವರೆಗೆ ಬಂದು ಕೇಳಿದಾಗ ತಾವು ನಕ್ಕಿರಿ. "ಮಾತಾಡೋಕೆ ಒಬ್ಬರು ಬೇಕೇನ್ರೀ? ಮನೇಲಿ ನೀವಿಲ್ವೇ?" ಇದ್ದೇನೆ ಸ್ವಾಮಿ. ಕಾಲು ಮುರಿದವರಿಗೂ ಹೀಗೇ ಹೇಳುತ್ತೀರಾ, ಮನೆಯಲ್ಲಿ ಗಂಡನಿದ್ದಾನಲ್ಲ, ಅವನೇ ಕಟ್ಟು ಹಾಕಲಿ ಎಂದು? ಇಂಥ ಉಡಾಫೆಗೆ ಜಿಲ್ಲಾ ಕೇಂದ್ರವೊಂದು ಬೇಕಿತ್ತೇ? ಹೇಸಿಗೆಯಾಗುತ್ತದೆ.

ಬರುವ ತಿಂಗಳು ಮಗಳು ಬಿಂದುಶ್ರೀಯ ಮದುವೆ. "ಅರಿಶಿನ ಹಚ್ಚೋಕೆ ನಿಮ್ಮ ಅತ್ತೇನ ಕರೆಸ್ಕಳವ್ವ. ನಾನು ಮುಟ್ಟುದ್ರೆ ನಿನ್ ಬಾಳು ಹಾಳಾಯ್ತದೆ" ಎಂದು ತಾಯಿ ಹಟ ಹಿಡಿದಿದ್ದಾಳೆ. "ನೀನ್ ಹಚ್ಚದಿದ್ರೆ ನಂಗೆ ಮದ್ವೇನೇ ಬ್ಯಾಡ ಬುಡು" ಎಂದು ಮಗಳು ಅಳುತ್ತಾಳೆ. ಇಬ್ಬರ ನಡುವೆ ನಾನು ಯಾವ ಮುಖ ಹೊತ್ತು ನಿಲ್ಲಲಿ?

ಶಿವರಂಜಿನಿಯವರನ್ನು ಮದುವೆಗೆ ಮುಂಚೆ ವಾಪಸು ಕಳಿಸಿ. ತಾವೂ ಅದೇ ಮೈಕು ತನ್ನಿ. ತಮ್ಮವರು ಹೇಳಿದ್ದು ಸುಳ್ಳೆಂದು ಊರ ಮುಂದೆ ಕೂಗಿ ಹೇಳಿ. ಮೊದಲ ಅರಿಶಿನವನ್ನು ಸೋಮಮ್ಮನ ಕೈಯಿಂದ ತಮ್ಮ ಶ್ರೀಮತಿಯವರು ತೆಗೆದುಕೊಳ್ಳಲಿ.

ಇಂತಿ,
ಹೆಂಡತಿಯನ್ನು ಮುತ್ತೈದೆಯೆನ್ನಲು ತಾನು ಜೀವಂತ ಇದ್ದರೂ ಸಾಲದೆ ಹೋದ
ಶಂಭುಲಿಂಗಪ್ಪ, ತೆರಕಣಾಂಬಿ