ತೊಗರಿ ಹೂವಿನ ಹಬ್ಬದೂಟ

ಜೇವರ್ಗಿ ಕಾಲೋನಿ, ಕಲಬುರಗಿ
23 ಅಕ್ಟೋಬರ್ 2025

ಮಗಳೇ ಅಂಬಿಕಾ,

ನಿನ್ನ ಮಾವ ನಾಗಣ್ಣನ ಆಶೀರ್ವಾದಗಳು. ಕಮಲಾಪುರದಲ್ಲಿ ಚಳಿ ಬಿತ್ತೇ? ಕೆಮ್ಮು ಕಡಿಮೆಯಾಯಿತೇ? ನಿಮ್ಮತ್ತೆಯ ಮೊಣಕಾಲು ನೋವು ಹಾಗೇ ಇದೆ. ದವಾಖಾನೆಗೆ ಹೋಗೋಣ ಎಂದರೆ, “ಅಂಬಿಕಾ ಕರಕೊಂಡು ಹೋದ್ರ ಹೋಗತೀನಿ” ಎಂದು ಹಟ ಹಿಡಿಯುತ್ತಾಳೆ. ಅವಳು ನಿನ್ನೊಂದಿಗೆ ಫೋನಿನಲ್ಲಿ ಮಾತಾಡುತ್ತಾಳೆ. ನಾನು ಫೋನು ಹಿಡಿದರೆ “ಊಟ ಆತೇನು” ಎಂದು ಕೇಳಿ ಇಟ್ಟುಬಿಡುತ್ತೇನೆ, ಅದಕ್ಕೇ ಈ ಕಾಗದ.

ಯಶವಂತ ತೀರಿಕೊಂಡ ವರ್ಷ ನಾವು ದೀಪಾವಳಿ ಮಾಡಲಿಲ್ಲ. ಮರುವರ್ಷ, ಅಂದರೆ ಹೋದ ವರ್ಷದ ಪಾಡ್ಯಕ್ಕೆ, “ನಿಮ್ಮ ಮಗನಿಗೆ ಹಬ್ಬ ಅಂದ್ರ ಜೀವ ಇತ್ತುರೀ ಮಾವಾ, ಮಾಡೋಣ” ಎಂದವಳು ನೀನು. ಪೇಟೆಯಿಂದ ಏನೂ ತರಲಿಲ್ಲ. ನೀನು ಅತ್ತೆಯ ಹಳೆಯ ಇಳಕಲ್ ಸೀರೆಯನ್ನು ಊಟದ ಟೇಬಲ್ಲಿಗೆ ಹಾಸಿದೆ. ಹೊಲದಿಂದ ಹೂ ಬಿಟ್ಟ ತೊಗರಿ ಟೊಂಗೆಗಳನ್ನು ತಂದು ಹಿತ್ತಾಳೆ ತಂಬಿಗೆಯಲ್ಲಿಟ್ಟೆ. ನಡುವೆ ನಿಮ್ಮೂರಿನ ಕೆಂಪು ಬಾಳೆಹಣ್ಣು, ಸುತ್ತಲೂ ಪಣತಿ. ನಮ್ಮ ಮನೆ ಅಷ್ಟು ಚೆಂದ ಕಂಡದ್ದು ನಿಮ್ಮ ಮದುವೆಯಲ್ಲಿ ಮಾತ್ರ.

ಆಮೇಲೆ ಬ್ರಹ್ಮಪುರದಿಂದ ನನ್ನ ಅಕ್ಕ ಮಾನಮ್ಮ ಬಂದಳು. “ಗಂಡ ಸತ್ತಾಕಿ ಕೈಲೆ ಹಬ್ಬದ ಸಿಂಗಾರ ಏನು?” ಎಂದು ಎಲ್ಲವನ್ನೂ ಬಾಚಿ ಬುಟ್ಟಿಗೆ ತುಂಬಿದಳು. ನೀನು ನನ್ನ ಮುಖ ನೋಡಿದೆ. ನಾನು ತಾಟಿನ ಕಡೆ ನೋಡಿದೆ. ನೀನು ಎಲ್ಲರಿಗೂ ಹೋಳಿಗೆ ಬಡಿಸಿ, ಮರುದಿನ ಮುಂಜಾನೆ ತವರಿನ ಬಸ್ಸು ಹತ್ತಿದೆ. ನಿಲ್ಲು ಎನ್ನುವ ಬಾಯಿ ನನಗೆ ಇರಲಿಲ್ಲ.

ನಿನ್ನೆ ಪಾಡ್ಯಕ್ಕೆ ನಾನೇ ಹೊಲಕ್ಕೆ ಹೋಗಿ ತೊಗರಿ ಟೊಂಗೆ ಮುರಿದು ತಂದೆ. ಅದೇ ಸೀರೆ ಹಾಸಿದೆ. ನಿನ್ನ ಕೈಯ ಅಚ್ಚುಕಟ್ಟು ಎಲ್ಲಿ ಬರಬೇಕು? ಎರಡು ಸಲ ತಂಬಿಗೆ ಉರುಳಿ ಸೀರೆ ತೊಯ್ದಿತು. ನಿನ್ನ ಜಾಗದಲ್ಲೂ ಬಾಳೆಲೆ ಹಾಕಿದೆವು. ಅಕ್ಕ ಬಂದು ಟೊಂಗೆಗೆ ಕೈ ಹಾಕುವಷ್ಟರಲ್ಲಿ, “ಮುಟ್ಟಬ್ಯಾಡ ಅಕ್ಕಾ. ಇದು ನನ್ನ ಸೊಸಿ ಮಾಡಿದ್ದು, ನಾ ಬರೇ ನೋಡಿ ಕಲತೀನಿ” ಎಂದೆ.

ಅವಳು ಜಗಳ ತೆಗೆಯುತ್ತಾಳೆಂದುಕೊಂಡಿದ್ದೆ. ಕುರ್ಚಿ ಎಳೆದು ಕುಳಿತಳು. “ಇಪ್ಪತ್ತೆರಡಕ್ಕ ಗಂಡ ಸತ್ತು ನನ್ನ ತಲೀ ಮ್ಯಾಲಿನ ಹೂವು ಕಿತ್ತಾಗ ನೀನೂ ಅಲ್ಲೇ ನಿಂತಿದ್ದಿ. ನನ್ನ ಸಲುವಾಗಿ ಯಾಕ ಬಾಯಿ ಬಿಡಲಿಲ್ಲೋ ತಮ್ಮಾ?” ಎಂದು ಕೇಳಿದಳು.

ಅಂಬಿಕಾ, ಈ ಅರವತ್ತೇಳು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅಕ್ಕ ಬಹಳ ಹೊತ್ತು ಅತ್ತಳು. ಆಮೇಲೆ ಎದ್ದು, ಆರಿದ ಪಣತಿಗಳಿಗೆ ಒಂದೊಂದಾಗಿ ಎಣ್ಣೆ ಹಾಕಿದಳು. ನಿನ್ನ ಎಲೆಯಲ್ಲಿ ಬಡಿಸಿದ ಹೋಳಿಗೆ ಆರಿಹೋಯಿತು. ಯಾರಿಗೂ ಅದನ್ನು ಎತ್ತುವ ಮನಸ್ಸಾಗಲಿಲ್ಲ. ಹೋದ ವರ್ಷದ ನನ್ನ ಮೌನಕ್ಕೆ ಕ್ಷಮೆ ಕೇಳುತ್ತೇನೆ. ಕ್ಷಮಿಸಲೇಬೇಕೆಂದಿಲ್ಲ.

ಆರೋಗ್ಯ ನೋಡಿಕೋ. ನೂರು ಕಾಲ ತಣ್ಣಗಿರು.

ನಿನ್ನ ಮಾವ,
ನಾಗಣ್ಣ

ತಾ.ಕ.: ಮರೆತೆ ಎಂದರೆ ಸುಳ್ಳಾದೀತು, ಧೈರ್ಯ ಸಾಲದೆ ಕೊನೆಗೆ ಉಳಿಸಿದೆ. ಗುರುಪ್ರಸಾದ ಮಾಸ್ತರರನ್ನು ನೀನು ಮದುವೆಯಾಗುವ ವಿಷಯ ನಿಮ್ಮತ್ತೆ ಹೇಳಿದಳು. ಇಬ್ಬರೂ ಒಂದು ದಿನ ಅತ್ತೆವು, ಮಗ ಇನ್ನೊಮ್ಮೆ ಹೋದಂತಾಯಿತು. ಆದರೆ ನಿನ್ನ ಅಣ್ಣಂದಿರು ಬರುವುದಿಲ್ಲವಂತೆ, ಸಾಕ್ಷಿಗೆ ನಿನ್ನ ಕಡೆಯವರು ಯಾರೂ ಇಲ್ಲವಂತೆ. ಸೋಮವಾರ ರಿಜಿಸ್ಟ್ರಾರ್ ಕಚೇರಿಗೆ ನಾವಿಬ್ಬರೂ ಬರುತ್ತೇವೆ. ನಾನು ಸಹಿ ಹಾಕುತ್ತೇನೆ. ಸಂಬಂಧ ಏನು ಎಂದು ಕೇಳಿದರೆ ತಂದೆ ಎನ್ನಲೇ ಅವ್ವಾ? ನೀನು ಹೂಂ ಅಂದರೆ ಮಾತ್ರ.