ಓದುಗರ ಕಾರ್ಡು

ತೊಕೊರೊಜಾವಾ, ಜಪಾನ್
ಫೆಬ್ರವರಿ 20

ಪ್ರಿಯ ಸಾತು ಅವರಿಗೆ,

ಪ್ಲಮ್ ಹೂ ಬಿಟ್ಟಿದೆಯಂತೆ. ನಾನಿನ್ನೂ ಹೊರಗೆ ಹೋಗಿ ನೋಡಿಲ್ಲ.

ನಾನು ಬರೆಯುತ್ತಿದ್ದ ಮಾಂಗಾ ಚಿತ್ರಕಥೆ ನಿಂತುಹೋಯಿತೆಂದು ಎಲ್ಲರೂ ಅತ್ತೆವು ಎಂದು ಬರೆದಿದ್ದೀರಿ. ಫಿನ್‌ಲೆಂಡಿನಲ್ಲಿ ಅದು ಮಾರಾಟಕ್ಕೇ ಇಲ್ಲ, ಅದಕ್ಕೇ ಕಳ್ಳ ಜಾಲತಾಣದಲ್ಲಿ ಓದಿದೆವು, ತಪ್ಪೇ ಎಂದೂ ಕೇಳಿದ್ದೀರಿ. ಬೈಯೋಣವೆಂದರೆ ನನಗೂ ಮುಖವಿಲ್ಲ. ಚಿಕ್ಕವಳಿದ್ದಾಗ ನಾನು ಪುಸ್ತಕದಂಗಡಿಯಲ್ಲಿ ನಿಂತೇ ಇಡೀ ಮಾಂಗಾ ಓದಿ ಮುಗಿಸುತ್ತಿದ್ದೆ. ಅಂಗಡಿಯಾತ ಧೂಳು ಹೊಡೆಯುವ ನೆಪದಲ್ಲಿ ಬಂದು, "ಏನಮ್ಮಾ, ಇನ್ನೂ ಎಷ್ಟು ಪುಟ ಬಾಕಿ? ಕುರ್ಚಿ ಹಾಕಿಸ್ಲಾ?" ಎನ್ನುತ್ತಿದ್ದ.

ಒಂದು ವಿಷಯ ಮಾತ್ರ ನಿಮಗೆ ತಿಳಿದಿರಲಾರದು. ನಮ್ಮ ವಾರಪತ್ರಿಕೆಯ ಪ್ರತಿ ಸಂಚಿಕೆಯಲ್ಲೂ ಒಂದು ಅಂಚೆ ಕಾರ್ಡು ಇರುತ್ತದೆ. ಕೊಂಡವರು ತಾವು ಮೆಚ್ಚಿದ ಮೂರು ಕಥೆಗಳಿಗೆ ಗುರುತು ಹಾಕಿ ಕಳಿಸುತ್ತಾರೆ. ಯಾವ ಕಥೆ ಉಳಿಯಬೇಕೆಂಬುದು ಅದರಿಂದಲೇ ತೀರ್ಮಾನ. ಡಿಸೆಂಬರಿನಲ್ಲಿ ಸಂಪಾದಕ ಓನುಕಿ ಫೋನ್ ಮಾಡಿ, "ಮೇಡಂ, ಕಾರ್ಡೇ ಬರ್ತಿಲ್ಲ. ನಿಮ್ಮ ಕಥೆ ಓದೋರೇ ಇಲ್ಲ ಕಣ್ರೀ. ಇನ್ನು ಮೂರು ವಾರದಲ್ಲಿ ಮುಗಿಸಿಬಿಡಿ" ಎಂದರು. ನಾನು ನಂಬಿದೆ. ಮೂರು ವಾರದಲ್ಲಿ ಮುಗಿಸಿದೆ.

ಆ ಜಾಲತಾಣದಲ್ಲಿ ಪ್ರತಿ ವಾರ ನಲವತ್ತು ಸಾವಿರ ಜನ ಓದುತ್ತಿದ್ದೆವು ಎಂದು ನಿಮ್ಮ ಪತ್ರದಲ್ಲಿದೆ. ಆ ಸಾಲನ್ನು ನಾಲ್ಕು ಸಲ ಓದಿದೆ. ತಪ್ಪೋ ಸರಿಯೋ ಎಂದು ಯೋಚಿಸುವಷ್ಟು ತ್ರಾಣ ಈಗಿಲ್ಲ.

ಇದರೊಂದಿಗೆ ಒಂದು ಕಾರ್ಡು ಇಟ್ಟಿದ್ದೇನೆ. ನನ್ನ ಕಥೆ ಮುಗಿದ ಸಂಚಿಕೆಯದು, ಕಳಿಸುವ ಅವಧಿ ಮುಗಿದಿದೆ. ನನ್ನ ಕಥೆಯ ಸಂಖ್ಯೆ ಹನ್ನೊಂದು. ಗುರುತು ಹಾಕಿ ಕಳಿಸಿ. ಪತ್ರಿಕೆಗೆ ಬೇಡ, ನನ್ನ ಮನೆಗೇ ಕಳಿಸಿ.

ಇಂತಿ,
ಚಿಯೊರಿ ಹಯಾಮಿ